ಬೋರ್ಡ್ ಮೇಷ್ಟ್ರು ನಡೆದೇ ಬಂದರು

ಬೋರ್ಡ್ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅಂಗಡಿಗಳ ನೆತ್ತಿಯ ಮೇಲೆ ಹೆಸರು ಬರೆಯುವುದು ಅವರ ಕಸುಬು. ಅಕ್ಷರ ಬರೆಯುವವರೆಲ್ಲ ಮೇಷ್ಟ್ರೇ ಎಂದು ಯಾರೋ ಪುಣ್ಯಾತ್ಮರು ತೀರ್ಮಾನಿಸಿದ್ದರು, ಹೆಸರು ಅಂಟಿಕೊಂಡಿತು. ಅಂಟಿದ ಮೇಲೆ ಅದಕ್ಕೆ ತಕ್ಕ ಸಿಟ್ಟನ್ನೂ ಅವರು ಬೆಳೆಸಿಕೊಂಡರು. ನಲ್ಲಿಯಲ್ಲಿ ನೀರು ಬರದಿದ್ದರೆ ಬೀದಿಗೆಲ್ಲ ಮೊದಲು ಸಿಟ್ಟು ಬರುತ್ತಿದ್ದುದು ಅವರಿಗೆ. ಬಂದರೆ, ಇಷ್ಟು ಹೊತ್ತಿಗೆ ಬರುವ ನೀರು ಯಾರ ಉದ್ಧಾರಕ್ಕೆ ಎಂದು ಇನ್ನೊಂದು ಸಿಟ್ಟು. ಇಷ್ಟೆಲ್ಲ ಸಿಟ್ಟನ್ನು ಹೊತ್ತುಕೊಂಡು ವರ್ಷಗಟ್ಟಲೆ ಏಣಿ ಹತ್ತಿ ಇಳಿದದ್ದಕ್ಕೋ ಏನೋ, ಅವರ ಬಲಗಾಲಿನ ಮಂಡಿ ಸವೆದುಹೋಯಿತು. ಏಣಿಯ ಎರಡನೇ ಮೆಟ್ಟಿಲಿಗೇ ಕಣ್ಣಲ್ಲಿ ನೀರು. ಏಣಿ ಹತ್ತಲಾಗದವನು ಬೋರ್ಡ್ ಬರೆಯುವುದೆಲ್ಲಿ? ಆಪರೇಷನ್ ಆಗಲೇಬೇಕು ಎಂದು ಮೂಳೆ ಡಾಕ್ಟರು ಎಕ್ಸರೇ ನೋಡಿ ಹೇಳಿದ್ದರು. ಹೋಗಿ ದಿನ ಗೊತ್ತು ಮಾಡಿಕೊಂಡು ಬರುವುದಷ್ಟೇ ಬಾಕಿ.

ಆಸ್ಪತ್ರೆ ಹೊಸದು. ಊರವರೆಲ್ಲ ಸೇರಿ, ಊರವರಿಗಾಗಿಯೇ ಕಟ್ಟಿಸಿದ್ದು. ಆದರೆ ಊರು ಇರುವ ಕಡೆ ಕಟ್ಟಿಸಿರಲಿಲ್ಲ. ಮೇಷ್ಟ್ರು ಮತ್ತು ಅವರಂಥ ಸಾವಿರಾರು ಜನ ಇದ್ದದ್ದು ಹಳೇ ಪೇಟೆಯಲ್ಲಿ. ಆಸ್ಪತ್ರೆ ಇದ್ದದ್ದು ನದಿ ದಾಟಿ, ಹೊಸ ಬಡಾವಣೆ ದಾಟಿ, ಗಾಳಿ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಆರಿಸಿದ ದಿಣ್ಣೆಯ ಮೇಲೆ. ಆ ಗಾಳಿಯನ್ನು ಯಾರೂ ಕೆಡಿಸಬಾರದು ಎಂದು ರೋಗಿಗಳ ಗಾಡಿ ನಿಲ್ಲಿಸಲು ಜಾಗವನ್ನೇ ಬಿಟ್ಟಿರಲಿಲ್ಲ. ಜಾಗ ಬಿಡಬೇಕಾದಲ್ಲಿ ಸಸಿ ನೆಟ್ಟಿದ್ದರು. ನಡೆದು ಬನ್ನಿ, ಸೈಕಲ್ಲಿನಲ್ಲಿ ಬನ್ನಿ, ಬಸ್ಸಿನಲ್ಲಿ ಬನ್ನಿ ಎಂದು ಗೋಡೆ ಗೋಡೆಯ ಮೇಲೂ ಬರೆದಿತ್ತು. ಬಸ್ಸು ಇನ್ನೂ ಬಂದಿರಲಿಲ್ಲ. ಹಳೇ ಪೇಟೆಗೆ ಒಂದು ಬಸ್ಸು ಖಂಡಿತ ಬಿಡುತ್ತೇವೆ ಎಂದು ಸಾರಿಗೆ ಸಾಹೇಬರು ಮಾತು ಕೊಟ್ಟಿದ್ದರು, ಅದನ್ನು ನಂಬಿ ಪೇಟೆಯ ಹಳೇ ದವಾಖಾನೆಗೆ ಬೀಗ ಹಾಕಿದ್ದರು.

ಮೇಷ್ಟ್ರು ಹೊರಟದ್ದು ಭಾವಮೈದನ ಮೊಟ್ಟೆ ಗಾಡಿಯಲ್ಲಿ. ಹೆಂಡತಿಯ ತಮ್ಮ ಬೆಳಿಗ್ಗೆ ಬೆಳಿಗ್ಗೆ ಹೊಸ ಬಡಾವಣೆಯ ಅಂಗಡಿಗಳಿಗೆ ಮೊಟ್ಟೆ ಹಾಕಲು ಹೋಗುತ್ತಿದ್ದ. ಮೂರು ಚಕ್ರದ ಆ ಗಾಡಿ ಮುಂದಕ್ಕೆ ಹೋಗುವುದಕ್ಕಿಂತ ಹೆಚ್ಚು ಹಿಂದಕ್ಕೆ ಹೊಗೆ ಬಿಡುತ್ತಿತ್ತು. ಮೇಷ್ಟ್ರು ತೊಡೆಯ ಮೇಲೆ ಮೊಟ್ಟೆಯ ಟ್ರೇ ಇಟ್ಟುಕೊಂಡು, ಒಂದೂ ಒಡೆಯದಂತೆ ಉಸಿರು ಹಿಡಿದು ಕೂತು ಬಂದರು. ದಿಣ್ಣೆಯ ತಿರುವಿನಲ್ಲಿ ಭಾವಮೈದ ಇಳಿಸಿ, "ಇಲ್ಲಿಂದ ಮುಂದೆ ನನ್ನ ಗಾಡೀನ ಬಿಡಲ್ಲ ಭಾವ, ಸಸಿಗಳಿಗೆ ಕೆಮ್ಮು ಬರುತ್ತಂತೆ," ಎಂದು ಹೊರಟುಹೋದ.

ಗೇಟಿನಲ್ಲಿ ಹಸಿರು ಕೋಟು ಹಾಕಿಕೊಂಡ ಹುಡುಗಿಯೊಬ್ಬಳು ನಿಂತಿದ್ದಳು. ಪಕ್ಕದಲ್ಲಿ ಹಿತ್ತಾಳೆಯ ಒಂದು ಗಂಟೆ. ಬಂದವರನ್ನು ಆಕೆ ಏನು ಕಾಯಿಲೆ ಎಂದು ಕೇಳುತ್ತಿರಲಿಲ್ಲ, ಹೇಗೆ ಬಂದಿರಿ ಎಂದು ಕೇಳುತ್ತಿದ್ದಳು. ಹೊಗೆಯಿಲ್ಲದೆ ಬಂದವರಿಗೆ ಗಂಟೆ ಬಾರಿಸಿ, ಅಂಗಿಗೆ ಹಸಿರು ಬಟ್ಟೆಯ ಎಲೆಯೊಂದನ್ನು ಚುಚ್ಚಿ ಒಳಗೆ ಬಿಡುತ್ತಿದ್ದಳು. ಗಂಟೆ ಕೇಳಿದರೆ ಒಳಗಿನವರೆಲ್ಲ, ನೋವಿರಲಿ ನಲಿವಿರಲಿ, ಚಪ್ಪಾಳೆ ತಟ್ಟಬೇಕು. ಹೊಗೆಯೊಡನೆ ಬಂದವರಿಗೆ ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಒಮ್ಮೆ ನೋಡುತ್ತಿದ್ದಳು. ಆ ನೋಟಕ್ಕೆ ಹೆದರಿ ಒಬ್ಬ ಮುದುಕ ಹೊರಗೇ ಕೂತಿದ್ದ.

ಇಷ್ಟಕ್ಕೂ ಮೇಷ್ಟ್ರು ನಿಜ ಹೇಳುವವರೇ ಇದ್ದರು. ಆದರೆ ಸಾಲಿನಲ್ಲಿ ಅವರ ಮುಂದೆ ಇದ್ದವನು ಫ್ಲೆಕ್ಸ್ ಅಂಗಡಿಯವನು. ಊರಿನ ಬೋರ್ಡುಗಳನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಹಾಳೆ ನೇತುಹಾಕಿ ಮೇಷ್ಟ್ರ ಕಸುಬಿಗೆ ಕಲ್ಲು ಹಾಕಿದವನು. ಅವನು ಸೈಕಲ್ಲಿನಲ್ಲಿ ಬಂದಿದ್ದ. ಗಂಟೆ ಮೊಳಗಿತು, ಚಪ್ಪಾಳೆ ಬಿತ್ತು. ಎಲೆ ಚುಚ್ಚಿಸಿಕೊಂಡು ತಿರುಗಿ ಮೇಷ್ಟ್ರನ್ನು ನೋಡಿ ನಕ್ಕ. ಎದುರುಮನೆಯವನ ಏಳಿಗೆಯನ್ನಾದರೂ ತಡೆದುಕೊಳ್ಳಬಹುದು, ಫ್ಲೆಕ್ಸಿನವನ ನಗುವನ್ನು ತಡೆದುಕೊಳ್ಳುವುದು ಮನುಷ್ಯಮಾತ್ರದವರಿಗೆ ಆಗದ ಕೆಲಸ.

"ಸರ್, ನೀವು ಹೇಗೆ ಬಂದ್ರಿ?" ಎಂದಳು ಹುಡುಗಿ.

"ನಡ್ಕೊಂಡು," ಎಂದರು ಮೇಷ್ಟ್ರು.

ತಿರುವಿನಿಂದ ಗೇಟಿನವರೆಗೆ ನಡೆದದ್ದು ನಡೆದದ್ದೇ. ಅದರಲ್ಲಿ ಸುಳ್ಳೇನಿದೆ? ಹುಡುಗಿ ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಆಕೆ ಬಿಡಲಿಲ್ಲ.

"ಎಲ್ಲಿಂದ ಸರ್?"

"ಹಳೇ ಪೇಟೆಯಿಂದ."

ಹುಡುಗಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ನದಿಯಾಚೆಯಿಂದ ನಡೆದು ಬಂದವರು ಅದುವರೆಗೆ ಯಾರೂ ಇರಲಿಲ್ಲ. ಆಕೆ ಗಂಟೆಯನ್ನು ಎಷ್ಟು ಬಾರಿಸಿದಳೆಂದರೆ, ಬೆಂಕಿ ಬಿತ್ತೆಂದು ತಿಳಿದು ಒಳಗಿನಿಂದ ಇಬ್ಬರು ಹಾಸಿಗೆ ಬಿಟ್ಟು ಓಡಿಬಂದರು. ಫ್ಲೆಕ್ಸಿನವನ ನಗು ಇಳಿಯಿತು. ಮೇಷ್ಟ್ರು ಎದೆಯ ಮೇಲೆ ಎಲೆ ಧರಿಸಿ, ಸಾಧ್ಯವಾದಷ್ಟು ಕುಂಟದೆ ಒಳಗೆ ಹೋದರು. ಆ ಕ್ಷಣದಲ್ಲಿ ಅವರಿಗೆ ಮಂಡಿ ನೋವೂ ಇರಲಿಲ್ಲ ಎಂದರೆ ತಪ್ಪಾಗಲಾರದು.

ಮೂಳೆ ಡಾಕ್ಟರು ಕುರ್ಚಿಯಿಂದ ಏಳಲಿಲ್ಲ, ಮೇಷ್ಟ್ರನ್ನು ಮಂಚದ ಮೇಲೆ ಮಲಗಿಸಲೂ ಇಲ್ಲ. ಅವರ ಕಣ್ಣು ನೇರ ಎಲೆಯ ಮೇಲೆ ಹೋಯಿತು.

"ಓ, ಆ ಗಂಟೆ ನಿಮಗೇನಾ ಹೊಡೆದದ್ದು? ಹಳೇ ಪೇಟೆಯಿಂದ ನಡೆದು ಬಂದ್ರಾ? ನನ್ನ ಮನೇನೂ ಹಳೇ ಪೇಟೆ ಹಿಂದೇನೇ ರೀ. ನಾನೇ ಕಾರಲ್ಲಿ ಬರ್ತೀನಿ."

"ಅದು ಹಾಗಲ್ಲ ಡಾಕ್ಟ್ರೇ. ಆಪರೇಷನ್ನಿಗೆ ದಿನ..."

"ಯಾತರ ಆಪರೇಷನ್? ಅಷ್ಟು ದೂರ ನಡೆಯೋ ಕಾಲಿಗೆ ಕತ್ತರಿ ಹಾಕಿದ್ರೆ ನನಗೆ ಪಾಪ ಬರುತ್ತೆ. ಇಲ್ಲಿ ಕಕ್ಕಸಿಗೂ ನಡೆಯೋಕಾಗದವರು ಕಾಯ್ತಾ ಇದ್ದಾರೆ, ಅವರದ್ದು ಮೊದಲಾಗಲಿ."

"ಆದ್ರೆ ತುಂಬಾ ನೋವು ಡಾಕ್ಟ್ರೇ. ಏಣಿ ಹತ್ತೋಕಾಗಲ್ಲ."

"ನೋವಿದ್ರೂ ನಡೆದ್ರಲ್ಲ, ಅದು ಮುಖ್ಯ. ಹೀಗೇ ನಡೀತಾ ಇರಿ. ಏಣಿ ಯಾಕೆ ಬೇಕು ನಿಮಗೆ ಈ ವಯಸ್ಸಲ್ಲಿ?"

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಕಾಲು ಮೇಜಿನ ಕೆಳಗೆ ಇತ್ತು. ಬಗ್ಗಿ ಒಂದು ಸಲ ನೋಡಿದ್ದರೆ ಮಂಡಿ ಕುಂಬಳದಷ್ಟು ಊದಿರುವುದು ಕಾಣುತ್ತಿತ್ತು. ಓದಿದ ಮನುಷ್ಯ, ಮೂಳೆಯನ್ನೇ ಓದಿದ ಮನುಷ್ಯ, ಕಾಲನ್ನು ಬಿಟ್ಟು ಬಟ್ಟೆಯ ಎಲೆಯನ್ನು ನೋಡಿ ಔಷಧಿ ಹೇಳುತ್ತಾನೆ. ನಾನು ಮೊಟ್ಟೆ ಗಾಡಿಯಲ್ಲಿ ಬಂದೆ ಎಂದು ಹೇಳಲು ಅವರು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲಲ್ಲಿ ಕಾಯುತ್ತಿದ್ದವರೊಬ್ಬರು, "ನಡೆದು ಬಂದ ಸ್ವಾಮಿಗಳು ಇವರೇನಾ?" ಎಂದು ಇಣುಕಿದರು. ತೆರೆದ ಬಾಯಿ ಮುಚ್ಚಿಕೊಂಡಿತು.

ಮನೆಯಲ್ಲಿ ವಿಷಯ ಕೇಳಿ ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ನಿಜ ಹೇಳೋಕೆ ಏನಾಗಿತ್ತು ನಿಮಗೆ?"

"ಆ ಹುಡುಗಿ ಕೇಳಿದ್ದು ತಪ್ಪು. ಆಸ್ಪತ್ರೆಗೆ ಬಂದವನನ್ನ ಏನು ಕಾಯಿಲೆ ಅಂತ ಕೇಳ್ಬೇಕು. ಹೇಗೆ ಬಂದೆ ಅಂತ ಕೇಳೋದು ಮದುವೆ ಮನೇಲಿ."

"ಸುಳ್ಳು ಹೇಳಿದ್ದು ನೀವು, ತಪ್ಪು ಅವಳದ್ದಾ?"

ಇವರಿಬ್ಬರಿಗಿಂತ ಹೆಚ್ಚು ನೊಂದವನು ಭಾವಮೈದ. "ನನ್ನ ಗಾಡಿ ಅಂದ್ರೆ ನಿಮಗೆ ಅಷ್ಟು ನಾಚಿಕೇನಾ ಭಾವ? ಅಷ್ಟು ಹುಷಾರಾಗಿ ಕರ್ಕೊಂಡು ಹೋದೆ. ಒಂದು ಮೊಟ್ಟೆ ಒಡೀಲಿಲ್ಲ," ಎಂದ. ಊಟಕ್ಕೆ ಕೂರದೆ ಹೋದ. ಅಂದಿನಿಂದ ಮೇಷ್ಟ್ರನ್ನು ಕಂಡರೆ ಹಾರನ್ ಕೂಡ ಮಾಡದೆ ಸಾಗುತ್ತಿದ್ದ.

ಇಷ್ಟಕ್ಕೇ ಮುಗಿದಿದ್ದರೆ ಮೇಷ್ಟ್ರು ಹಲ್ಲು ಕಚ್ಚಿಕೊಂಡು ಇರುತ್ತಿದ್ದರೇನೋ. ಆದರೆ ವಾರ ಕಳೆಯುವುದರೊಳಗೆ ಆಸ್ಪತ್ರೆಯ ಗೇಟಿನ ಮೇಲೆ, ಸೇತುವೆಯ ಬುಡದಲ್ಲಿ, ಹಳೇ ಪೇಟೆಯ ವೃತ್ತದಲ್ಲಿ ಮೇಷ್ಟ್ರ ಚಿತ್ರ ಎದ್ದು ನಿಂತಿತು. "ಇವರು ನಡೆದರು. ನೀವು?" ಎಂದು ಕೆಳಗೆ ಬರೆದಿತ್ತು. ಚಿತ್ರ ಫ್ಲೆಕ್ಸಿನದು. ಬ್ರಶ್ಶು ಹಿಡಿದು ಬಾಳಿದ ಮನುಷ್ಯನ ಮುಖವನ್ನು ಅವನ ಹೊಟ್ಟೆಯ ಮೇಲೆ ಹೊಡೆದವನೇ ಪ್ಲಾಸ್ಟಿಕ್ಕಿನ ಮೇಲೆ ಒತ್ತಿ ನೇತುಹಾಕಿದರೆ, ಗಾಯದ ಮೇಲೆ ಬರೆ ಎಂದು ಅದಕ್ಕೇ ಅನ್ನುವುದು. ಅಕ್ಷರಗಳೂ ಒಂದು ಅಳತೆಯಲ್ಲಿರಲಿಲ್ಲ. ಅದೂ ಹೋಗಲಿ. ಫ್ಲೆಕ್ಸಿನವನ ಬಳಿ ಇದ್ದದ್ದು ಮೇಷ್ಟ್ರ ಮುಖದ ಫೋಟೋ ಮಾತ್ರ. ಕೆಳಗಿನ ಭಾಗಕ್ಕೆ ಅವನು ಯಾವುದೋ ಓಟಗಾರನ ದೇಹ ಹುಡುಕಿ ಅಂಟಿಸಿದ್ದ. ಚಡ್ಡಿ ತೊಟ್ಟು, ಮಾಂಸಖಂಡ ಉಬ್ಬಿದ, ಎಣ್ಣೆ ಹಚ್ಚಿದಂತೆ ಮಿರುಗುವ ಎರಡು ಕಾಲುಗಳ ಮೇಲೆ ಮೇಷ್ಟ್ರ ಸಿಡುಕು ಮುಖ ಕೂತಿತ್ತು.

ಹೆಂಡತಿ ವೃತ್ತದಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ಈ ಕಾಲು ಯಾರದ್ದು?" ಎಂದಳು.

"ನನಗೇನು ಗೊತ್ತು?"

"ಯಾರದ್ದಾದ್ರೂ ಆಗ್ಲಿ. ಆಪರೇಷನ್ ಬೇಡ ಅಂತ ಡಾಕ್ಟ್ರು ಯಾಕೆ ಅಂದ್ರು ಅಂತ ಈಗ ಗೊತ್ತಾಯ್ತು."

ಬೀದಿಯವರು ಮೊದಮೊದಲು ತಮಾಷೆ ಮಾಡಿದರು. ಹಾಲಿನವನು ಮೇಷ್ಟ್ರನ್ನು ಕಂಡರೆ ದಾರಿ ಬಿಟ್ಟು, "ಓಟಕ್ಕೆ ಹೊರಟ್ರಾ?" ಎನ್ನುತ್ತಿದ್ದ. ಆದರೆ ತಮಾಷೆ ಹೆಚ್ಚು ದಿನ ನಡೆಯಲಿಲ್ಲ. ಒಂದು ಮಧ್ಯಾಹ್ನ ಮೇಷ್ಟ್ರ ಸೋದರತ್ತೆ ಬಾಗಿಲು ತಟ್ಟದೆ ಒಳಗೆ ಬಂದರು. ಮೂರು ಮನೆ ಆಚೆ ಇರುವ ಸೋದರತ್ತೆಗೆ ಪಾದದಲ್ಲಿ ಮಾಯದ ಹುಣ್ಣು. ಆಗಾಗ ಆಸ್ಪತ್ರೆಗೆ ಹೋಗಿ ಪಟ್ಟಿ ಬದಲಾಯಿಸಿಕೊಂಡು ಬರಬೇಕು. ಇದ್ದಬದ್ದವರ ಗಾಡಿ ಕಾಡಿ ಬೇಡಿ ಹೋಗುತ್ತಿದ್ದರು.

"ಏನೋ, ನಡೆದಾಡೋ ಮಹಾಪುರುಷ," ಎಂದರು ಸೋದರತ್ತೆ. "ಗೇಟಲ್ಲಿ ಆ ಹುಡುಗಿ ನನಗೆ ಬುದ್ಧಿ ಹೇಳ್ತಾಳೆ. ಅಜ್ಜಿ, ನಿಮ್ಮ ಪೇಟೆಯವರೇ ಮಂಡಿ ನೋವಿಟ್ಕೊಂಡು ನಡೆದು ಬಂದ್ರು, ನೀವೂ ಪ್ರಯತ್ನ ಮಾಡಿ ಅಂತಾಳೆ. ಪಾದ ಕೊಳೀತಾ ಇದೆ ಕಣೋ ನಂದು. ಅದಿರಲಿ. ಬಸ್ಸು ಬಿಡಲ್ವಂತೆ."

"ಯಾಕಂತೆ?"

"ನಿನ್ನಿಂದ. ಸಾರಿಗೆ ಸಾಹೇಬ್ರು ನಿನ್ನ ಚಿತ್ರ ನೋಡಿದ್ರಂತೆ. ರೋಗದವರೇ ನಡೆದು ಬರೋವಾಗ ಹಳೇ ಪೇಟೆಗೆ ಬಸ್ಸು ಯಾಕೆ, ಹೊಸ ಬಡಾವಣೆಗೇ ಇನ್ನೊಂದು ಬಿಡೋಣ ಅಂದ್ರಂತೆ."

ಮೇಷ್ಟ್ರು ಕೂತಲ್ಲೇ ಕೂತರು. ಆಡಿದ ಮಾತು ಒಂದೇ ಒಂದು. ಅದಕ್ಕೆ ಮಂಡಿ ಹೋಯಿತು, ಭಾವಮೈದ ಹೋದ, ಈಗ ಇಡೀ ಪೇಟೆಯ ಬಸ್ಸೂ ಹೋಯಿತು. ಸಂಜೆಯ ಹೊತ್ತಿಗೆ ಅವರ ಮನೆಯ ಮುಂದೆ ಜನ ನೆರೆದರು. ಉಬ್ಬಸದವರು, ರಕ್ತದೊತ್ತಡದವರು, ತುಂಬು ಬಸುರಿಯೊಬ್ಬಳು. ಕೋತಿ ತಾನು ಕೆಡುವುದಲ್ಲದೆ ವನವನ್ನೂ ಕೆಡಿಸಿತು ಎಂದು ಯಾರೋ ಹಿಂದಿನಿಂದ ಅಂದರು. ಅದು ನಿಜವಾದ್ದರಿಂದ ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರದೇ ಇದ್ದದ್ದು ಅವರ ಜನ್ಮದಲ್ಲಿ ಅದೇ ಮೊದಲು. ನಾಚಿಕೆಯಿಂದ ಅವರ ಮುಖ ಸುಟ್ಟುಹೋಯಿತು.

"ನಾಳೆ ಹೋಗಿ ನಿಜ ಹೇಳಿ ಬರ್ತೀನಿ," ಎಂದರು.

ಸಾರಿಗೆ ಸಾಹೇಬರ ಕಚೇರಿಯ ಗೋಡೆಯ ಮೇಲೆ ಊರಿನ ದೊಡ್ಡ ನಕ್ಷೆ ಇತ್ತು. ಅದರಲ್ಲಿ ಹಳೇ ಪೇಟೆಯ ನಡುವೆ ಹಸಿರು ತಲೆಯ ಗುಂಡುಸೂಜಿಯೊಂದು ಒಂಟಿಯಾಗಿ ನೆಟ್ಟಿತ್ತು. ಅದು ತಾವೇ ಎಂದು ಮೇಷ್ಟ್ರಿಗೆ ನೋಡಿದ ಕೂಡಲೇ ಗೊತ್ತಾಯಿತು. ಗೇಟಿನ ಲೆಕ್ಕ ಒಪ್ಪಿಸಲು ಬಂದ ಹಸಿರು ಕೋಟಿನ ಹುಡುಗಿಯೂ ಅಲ್ಲೇ ಕೂತಿದ್ದಳು. ಸಾಹೇಬರು ಎದ್ದು ಬಂದು ಕೈ ಕುಲುಕಿದರು, ಟೀ ತರಿಸಿದರು.

"ಟೀ ಬೇಡ," ಎಂದರು ಮೇಷ್ಟ್ರು. "ನಾನು ಹೇಳೋದನ್ನ ಕೇಳಿ. ನಾನು ಅವತ್ತು ನಡೆದು ಬರಲಿಲ್ಲ."

"ನಿಮ್ಮ ವಿನಯ ದೊಡ್ಡದು," ಎಂದರು ಸಾಹೇಬರು.

"ವಿನಯ ಅಲ್ಲ, ಸುಳ್ಳು. ನಾನು ಸುಳ್ಳು ಹೇಳಿದೆ. ನಾನು ಬಂದದ್ದು ಮೊಟ್ಟೆ ಗಾಡೀಲಿ. ನಮ್ಮ ಭಾವಮೈದ ಮೊಟ್ಟೆ ಹಾಕೋಕೆ ಬರ್ತಾ ಇದ್ದ, ಅವನ ಜೊತೆ ಕೂತ್ಕೊಂಡು ಬಂದೆ. ತಿರುವಿನಿಂದ ಮಾತ್ರ ನಡೆದೆ. ನಮ್ಮ ಪೇಟೆಯಿಂದ ಯಾರ ಕೈಲೂ ಅಷ್ಟು ದೂರ ನಡೆಯೋಕಾಗಲ್ಲ. ದಯವಿಟ್ಟು ಬಸ್ಸು ಬಿಡಿ."

ಸಾಹೇಬರು ಹುಡುಗಿಯ ಮುಖ ನೋಡಿದರು. ಹುಡುಗಿಯ ಮುಖ ನಿಧಾನವಾಗಿ ಅರಳಿತು.

"ಆ ಗಾಡಿ ಹೇಗೂ ಬರ್ತಾ ಇತ್ತಾ ಸರ್?"

"ಹೇಗೂ ಬರುತ್ತೆ. ದಿನಾ ಬರುತ್ತೆ."

"ಅಂದ್ರೆ ನಿಮಗೋಸ್ಕರ ಅಂತ ಬೇರೆ ಹೊಗೆ ಬರಲಿಲ್ಲ. ಸರ್, ಇದು ಹಂಚಿಕೊಂಡ ಪ್ರಯಾಣ. ಇದಕ್ಕೆ ನಡೆದು ಬಂದದ್ದಕ್ಕಿಂತ ಹೆಚ್ಚು ಬೆಲೆ. ಇದಕ್ಕೆ ಎರಡು ಎಲೆ."

ಆಕೆ ಚೀಲಕ್ಕೆ ಕೈ ಹಾಕಿ ಎರಡು ಎಲೆ ತೆಗೆದು ಮೇಷ್ಟ್ರ ಅಂಗಿಗೆ ಚುಚ್ಚಿದಳು. ಮೇಷ್ಟ್ರಿಗೆ ತಡೆಯಲೂ ತೋಚಲಿಲ್ಲ. ಸಾಹೇಬರು ಎದ್ದು ನಕ್ಷೆಯ ಹತ್ತಿರ ಹೋಗಿ ಗಲ್ಲ ಕೆರೆದುಕೊಂಡರು.

"ದಿನಾ ಬರುತ್ತೆ ಅಂದ್ರಲ್ಲ. ಹಾಗಾದ್ರೆ ಹಳೇ ಪೇಟೆಗೆ ವಾಹನ ಸೌಕರ್ಯ ಆಗ್ಲೇ ಇದೆ."

"ಅದು ಮೊಟ್ಟೆ ಗಾಡಿ ಸ್ವಾಮಿ. ಅದರಲ್ಲಿ ಮೊಟ್ಟೆ ಬರುತ್ತೆ."

"ನೀವೂ ಬಂದ್ರಲ್ಲ."

"ನಾನು ಬಂದೆ. ಬಸುರಿ ಹೆಂಗಸನ್ನ ಮೊಟ್ಟೆ ಮೇಲೆ ಕೂರಿಸ್ತೀರಾ?"

"ನೋಡೀ," ಎಂದರು ಸಾಹೇಬರು, ಮಗುವಿಗೆ ತಿಳಿಹೇಳುವ ದನಿಯಲ್ಲಿ. "ನಡೆದು ಬಂದಿದ್ರೆ ಬಸ್ಸು ಬೇಕಿಲ್ಲ. ಗಾಡೀಲಿ ಬಂದಿದ್ರೆ ಗಾಡಿ ಇದೆ, ಆಗ್ಲೂ ಬಸ್ಸು ಬೇಕಿಲ್ಲ. ನೀವು ಹೇಗೂ ಬಂದುಬಿಟ್ರಿ. ಬರೋಕೇ ಆಗಲ್ಲ ಅನ್ನೋರು ಯಾರಾದ್ರೂ ಇದ್ರೆ ಇಲ್ಲಿಗೆ ಬಂದು ಹೇಳಲಿ, ಪರಿಶೀಲಿಸೋಣ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಮೇಷ್ಟ್ರು ಬೇಕಾದಷ್ಟು ಕಂಡಿದ್ದರು. ಎತ್ತಿನ ಹಾಲು ಕರೆದು ಟೀ ಮಾಡಿ ಕೊಡುವವರನ್ನು ಕಂಡದ್ದು ಇದೇ ಮೊದಲು. ಸುಳ್ಳು ಹೇಳಿದರೂ ಬಸ್ಸಿಲ್ಲ, ನಿಜ ಹೇಳಿದರೂ ಬಸ್ಸಿಲ್ಲ. ಹೊರಗೆ ಬಂದು ಎಲೆಗಳನ್ನು ಕಿತ್ತು ಬಿಸಾಡಲು ಹೋದರು. ಹುಡುಗಿ ಗಟ್ಟಿಯಾಗಿ ಚುಚ್ಚಿದ್ದಳು, ಅಂಗಿ ಹರಿಯಿತು.

ಮನೆಗೆ ಬಂದು ಎಲ್ಲವನ್ನೂ ಹೇಳಿದರು. ಹೆಂಡತಿ ಅಂಗಿ ಹೊಲಿಯುತ್ತ ಕೇಳಿದಳು. ಸೋದರತ್ತೆ ಪಾದವನ್ನು ಮಣೆಯ ಮೇಲಿಟ್ಟುಕೊಂಡು ಕೇಳಿದರು.

"ಆ ಸಾಹೇಬ್ರ ಮನೆ ಎಲ್ಲಿ?" ಎಂದರು ಸೋದರತ್ತೆ.

"ಇಲ್ಲೇ. ನಮ್ಮ ಪೇಟೆ ಹಿಂದೆ, ದೊಡ್ಡ ತೋಟದ ಮನೆ. ಡಾಕ್ಟ್ರ ಮನೇನೂ ಅದರ ಪಕ್ಕದಲ್ಲೇ."

"ಹಂಗಾದ್ರೆ ಬೆಳಿಗ್ಗೆ ಇಬ್ಬರ ಕಾರೂ ಸೇತುವೆ ಮೇಲೇ ಹೋಗ್ಬೇಕು."

"ಬೇರೆ ದಾರಿ ಎಲ್ಲಿದೆ?"

"ನಮ್ಮನ್ನ ನಡೀರಿ ಅಂತಾರಲ್ಲ," ಎಂದರು ಸೋದರತ್ತೆ, ಪಾದವನ್ನು ಮಣೆಯಿಂದ ಇಳಿಸುತ್ತ. "ನಡೆಯೋಣ. ದೊಡ್ಡವರ ಮಾತು ಮೀರಬಾರದು."

ಸೇತುವೆ ಹಳೆಯದು, ಸಪೂರ. ಎದುರುಬದುರು ಎರಡು ಗಾಡಿ ಹೋಗಬೇಕಾದರೆ ಒಂದರ ಕನ್ನಡಿ ಮಡಿಸಬೇಕು. ನಡೆಯುವವರಿಗೆ ಬೇರೆ ಜಾಗವಿರಲಿಲ್ಲ. ಆಸ್ಪತ್ರೆ ಕಟ್ಟಿಸುವಾಗ ನಡೆದು ಬನ್ನಿ ಎಂದು ಗೋಡೆಯ ಮೇಲೆ ಬರೆಯುವುದನ್ನು ನೆನಪಿಟ್ಟುಕೊಂಡವರು ನಡೆಯಲು ಜಾಗ ಮಾಡುವುದನ್ನು ಮರೆತಿದ್ದರು. ಮರುದಿನ ಬೆಳಿಗ್ಗೆ ಹಳೇ ಪೇಟೆಯ ರೋಗಿಗಳೆಲ್ಲ ಆ ಸೇತುವೆ ಹತ್ತಿದರು. ಮುಂದೆ ಮೇಷ್ಟ್ರು, ಕೈಯಲ್ಲಿ ಬೋರ್ಡಿನ ಉದ್ದ ಅಳತೆಕೋಲನ್ನೇ ಊರುಗೋಲು ಮಾಡಿಕೊಂಡು. ಪಕ್ಕದಲ್ಲಿ ಸೋದರತ್ತೆ. ಹಿಂದೆ ಉಬ್ಬಸದವರು ನಾಲ್ಕು ಹೆಜ್ಜೆಗೊಮ್ಮೆ ನಿಂತು, ಬಸುರಿ ತನ್ನ ಅತ್ತೆಯ ಭುಜ ಹಿಡಿದು, ಕಣ್ಣಿಗೆ ಪಟ್ಟಿ ಕಟ್ಟಿದವನೊಬ್ಬ ಕಿವಿ ಕೇಳದವನ ಕೈ ಹಿಡಿದು. ಯಾರೂ ಘೋಷಣೆ ಕೂಗಲಿಲ್ಲ. ಯಾರನ್ನೂ ಬೈಯಲಿಲ್ಲ. ಸುಮ್ಮನೆ ಗೋಡೆಯ ಮೇಲಿನ ಮಾತನ್ನು ಪಾಲಿಸಿದರು.

ಪ್ರತಿ ಹೆಜ್ಜೆಗೂ ಮೇಷ್ಟ್ರ ಮಂಡಿಯೊಳಗೆ ಯಾರೋ ಉಳಿ ಹೊಡೆದಂತಾಗುತ್ತಿತ್ತು. ಸೇತುವೆಯ ಬುಡದಲ್ಲಿ ಅವರದೇ ಚಿತ್ರ ಮಿರುಗುವ ಕಾಲುಗಳ ಮೇಲೆ ನಿಂತು ನೋಡುತ್ತಿತ್ತು. ಮೇಷ್ಟ್ರು ಅದರ ಕಡೆ ತಿರುಗಲಿಲ್ಲ.

ಸೇತುವೆಯ ನಡುಮಧ್ಯಕ್ಕೆ ಬಂದಾಗ ಸೋದರತ್ತೆ ಕಂಕುಳಲ್ಲಿದ್ದ ಚಾಪೆ ಬಿಡಿಸಿದರು, ಕೂತರು. ಅವರ ಹಿಂದೆ ಎಲ್ಲರೂ ಕೂತರು. ಅಷ್ಟರಲ್ಲಿ ಹಿಂದಿನಿಂದ ಹಾರನ್ನು ಕೇಳಿತು. ಮೊದಲು ಮೂಳೆ ಡಾಕ್ಟರ ಕಾರು, ಅದರ ಹಿಂದೆ ಸಾಹೇಬರ ಕಾರು, ಅದರ ಹಿಂದೆ ಭಾವಮೈದನ ಮೊಟ್ಟೆ ಗಾಡಿ. ಡಾಕ್ಟರ ಕಾರು ಹಿಂದಕ್ಕೆ ಹೋಗುವಂತಿಲ್ಲ, ಸಾಹೇಬರ ಕಾರು ಅಡ್ಡ. ಸಾಹೇಬರ ಕಾರು ಹಿಂದಕ್ಕೆ ಹೋಗುವಂತಿಲ್ಲ, ಮೊಟ್ಟೆ ಗಾಡಿ ಅಡ್ಡ. ಮೊಟ್ಟೆ ಗಾಡಿ ಹಿಂದಕ್ಕೆ ಹೋಗಬಹುದಿತ್ತು. ಭಾವಮೈದ ಎಂಜಿನ್ ಆಫ್ ಮಾಡಿ, ಕೈಕಟ್ಟಿ, ಭಾವನ ಕಡೆ ನೋಡಿ, ಬಹಳ ದಿನಗಳ ಮೇಲೆ ಒಂದು ಸಲ ಹಾರನ್ ಒತ್ತಿದ.

ಸಾಹೇಬರು ಇಳಿದು ಓಡಿಬಂದರು. "ಏನಮ್ಮಾ ಇದು? ದಾರಿ ಮಧ್ಯೆ ಕೂತಿದ್ದೀರಿ?"

"ಆಸ್ಪತ್ರೆಗೆ ನಡ್ಕೊಂಡು ಹೋಗ್ತಾ ಇದ್ದೀವಪ್ಪ," ಎಂದರು ಸೋದರತ್ತೆ. "ದಣಿವಾಯ್ತು. ಸ್ವಲ್ಪ ಸುಧಾರಿಸ್ಕೊಂಡು ಏಳ್ತೀವಿ."

"ಎಷ್ಟು ಹೊತ್ತಾಗುತ್ತೆ?"

"ಅದು ಕಾಲಿಗೆ ಗೊತ್ತು. ಕೇಳಿ ನೋಡು." ಪಟ್ಟಿ ಕಟ್ಟಿದ ಪಾದವನ್ನು ಸೋದರತ್ತೆ ಸಾಹೇಬರ ಮೂಗಿನ ನೇರಕ್ಕೆ ಎತ್ತಿದರು. ಸಾಹೇಬರು ಹಿಂದೆ ಸರಿದರು.

"ಅಲ್ಲಿ ಆಪರೇಷನ್ ಇದೆ ರೀ ನನಗೆ," ಎಂದು ಡಾಕ್ಟರು ಗಡಿಯಾರ ನೋಡಿಕೊಂಡರು.

"ನಮಗೂ ಇತ್ತು ಡಾಕ್ಟ್ರೇ," ಎಂದರು ಮೇಷ್ಟ್ರು. "ನೀವೂ ನಡೀರಿ. ಒಳ್ಳೆ ಗಾಳಿ ಇದೆ."

ಸಾಹೇಬರು ಮೇಷ್ಟ್ರ ಕಡೆ ತಿರುಗಿದರು. "ಇದೆಲ್ಲಾ ನಿಮ್ಮ ಕೆಲಸಾನಾ? ಏನು ಬೇಕು ನಿಮಗೆ?"

ಆಗ ಮೇಷ್ಟ್ರಿಗೆ ಕೂಡಿಟ್ಟ ಸಿಟ್ಟೆಲ್ಲ ಒಟ್ಟಿಗೆ ಬಂತು. "ಏನು ಬೇಕು ಅಂತ ನಿನ್ನೆ ಹೇಳಿದ್ನಲ್ಲ, ನೀವು ಎಲೆ ಕೊಟ್ಟು ಕಳಿಸಿದ್ರಿ. ಬರೋಕೇ ಆಗಲ್ಲ ಅನ್ನೋರು ಬಂದು ಹೇಳಲಿ ಅಂದ್ರಲ್ಲ, ಇಗೋ, ಇಷ್ಟು ದೂರ ಬರೋಕಾಯ್ತು, ಇದರ ಮುಂದೆ ಆಗಲ್ಲ. ಪರಿಶೀಲಿಸಿ. ಈ ಹೆಂಗಸಿಗೆ ಇಲ್ಲೇ ಹೆರಿಗೆ ಆದ್ರೆ ಅದನ್ನೂ ಪರಿಶೀಲಿಸಿ. ನಾನು ಸುಳ್ಳು ಹೇಳಿದೆ, ಒಪ್ಕೊಂಡೆ, ನನ್ನ ಮಂಡಿ ಅದಕ್ಕೆ ದಂಡ ಕಟ್ತಾ ಇದೆ. ನೀವು ಒಂದು ದಿನ ಈ ದಾರೀಲಿ ನಡೆದಿದ್ರೆ ನನ್ನ ಸುಳ್ಳು ಅವತ್ತೇ ಗೊತ್ತಾಗ್ತಿತ್ತು ನಿಮಗೆ."

ಬಸುರಿ ಅದೇ ಹೊತ್ತಿಗೆ ಅಮ್ಮಾ ಎಂದು ಹೊಟ್ಟೆ ಹಿಡಿದುಕೊಂಡಳು. ನಿಜವಾದ ನೋವೋ ಅಲ್ಲವೋ, ಆಮೇಲೆ ಕೇಳಿದಾಗ ಆಕೆ ನಕ್ಕು ಸುಮ್ಮನಾದಳು. ಸಾಹೇಬರಿಗೆ ಕೇಳುವಷ್ಟು ವ್ಯವಧಾನವಿರಲಿಲ್ಲ. "ಬಿಡ್ತೀನಿ, ಬಸ್ಸು ಬಿಡ್ತೀನಿ, ಬರೋ ಸೋಮವಾರದಿಂದಲೇ, ಎಲ್ಲರೂ ಕೇಳಿಸ್ಕೊಳ್ಳಿ," ಎಂದು ಸೇತುವೆ ಅದುರುವಂತೆ ಕೂಗಿದರು. ಸೋದರತ್ತೆ ಚಾಪೆ ಸುತ್ತಿಕೊಂಡು ಎದ್ದರು. ಬಸುರಿಯನ್ನೂ ಉಬ್ಬಸದವರನ್ನೂ ಸಾಹೇಬರ ಕಾರಿಗೆ ತುಂಬಿದರು, ಜಾಗ ಸಾಲದೆ ಸಾಹೇಬರು ಉಳಿದರು. ಡಾಕ್ಟರು ಅಷ್ಟರಲ್ಲಿ ಕಾರಿನ ಕೀಲಿಯನ್ನು ಯಾರದೋ ಕೈಗೆ ತುರುಕಿ, ಆಪರೇಷನ್ನಿಗೆ ಹೊತ್ತಾಯಿತೆಂದು ನಡೆದೇ ಹೊರಟುಬಿಟ್ಟಿದ್ದರು. ದಿಣ್ಣೆ ಹತ್ತಿ ಏದುಸಿರು ಬಿಡುತ್ತ ಗೇಟು ಮುಟ್ಟಿದಾಗ ಹಸಿರು ಕೋಟಿನ ಹುಡುಗಿ ಅವರಿಗೂ ಗಂಟೆ ಬಾರಿಸಿದಳಂತೆ. ಡಾಕ್ಟರಿಗೆ ಅದು ಬಹಳ ಇಷ್ಟವಾಯಿತಂತೆ.

ಬಸ್ಸು ಬಂತು. ಹಳೆಯ ಬಸ್ಸು, ಬಾಗಿಲಿನ ಮೆಟ್ಟಿಲು ಎತ್ತರ. ಆದರೂ ಬಸ್ಸು ಬಸ್ಸೇ. ಮೊದಲ ದಿನ ಹಳೇ ಪೇಟೆಯ ವೃತ್ತದಲ್ಲಿ ರೋಗವಿಲ್ಲದವರೂ ಹತ್ತಿದರು. ಮೇಷ್ಟ್ರು ಕೊನೆಯಲ್ಲಿ ಹತ್ತಿದರು. ಎರಡು ಕೈಯಿಂದ ಕಂಬಿ ಹಿಡಿದು, ಎಡಗಾಲನ್ನು ಮೆಟ್ಟಿಲ ಮೇಲಿಟ್ಟು, ಬಲಗಾಲನ್ನು ಪ್ಯಾಂಟು ಹಿಡಿದು ಮೇಲೆತ್ತಿ, ಹಲ್ಲು ಕಚ್ಚಿ, ನಿಂತು, ಮತ್ತೆ ಎಡಗಾಲು. ಕೊನೆಯ ಮೆಟ್ಟಿಲಿಗೆ ಅವರ ಕಣ್ಣಲ್ಲಿ ನೀರು ಬಂದಿತ್ತು. ತಲೆ ಎತ್ತಿದರೆ ಬಾಗಿಲ ಎದುರಿನ ಸೀಟಿನಲ್ಲಿ ಮೂಳೆ ಡಾಕ್ಟರು. ಗಂಟೆಯ ಆಸೆಗೆ ಕಾರು ಮನೆಯಲ್ಲಿ ಬಿಟ್ಟು ಬಂದಿದ್ದರು. ಮೇಷ್ಟ್ರು ಹತ್ತಿದ್ದನ್ನು ಮೊದಲ ಮೆಟ್ಟಿಲಿನಿಂದ ಕೊನೆಯ ಮೆಟ್ಟಿಲವರೆಗೆ ಕಣ್ಣು ಮಿಟುಕಿಸದೆ ನೋಡಿದ್ದರು.

ಡಾಕ್ಟರು ಎದ್ದು ತಮ್ಮ ಸೀಟಿನಲ್ಲಿ ಮೇಷ್ಟ್ರನ್ನು ಕೂರಿಸಿದರು. ಓಡುವ ಬಸ್ಸಿನಲ್ಲಿ, ಅಷ್ಟು ಜನರ ನಡುವೆ, ಮಂಡಿಯೂರಿ ಕೂತು ಪ್ಯಾಂಟು ಮೇಲೆ ಸರಿಸಿ ಊದಿದ ಮಂಡಿಯನ್ನು ಎರಡೂ ಕೈಯಿಂದ ಮುಟ್ಟಿ ನೋಡಿದರು.

"ಈ ಕಾಲಲ್ಲಿ ಸೇತುವೆ ಹತ್ತಿದ್ರಾ?" ಎಂದರು ಕೊನೆಗೆ. "ತಪ್ಪಾಯ್ತು ರೀ. ನಾನು ನೋಡ್ಬೇಕಿತ್ತು. ಬುಧವಾರ ಬಂದುಬಿಡಿ, ಆಪರೇಷನ್ ಮಾಡೋಣ."

ಮೇಷ್ಟ್ರು ತಲೆಯಾಡಿಸಿದರು. ಡಾಕ್ಟರು ಎದ್ದು ನಿಂತು ಕಂಬಿ ಹಿಡಿದುಕೊಂಡರು, ಆಸ್ಪತ್ರೆಯ ಅಭ್ಯಾಸ ಬಲದಿಂದ ಇನ್ನೊಂದು ಮಾತು ಸೇರಿಸಿದರು.

"ಬುಧವಾರ ಹೇಗೆ ಬರ್ತೀರಿ?"

ಇಡೀ ಬಸ್ಸು ಮೇಷ್ಟ್ರ ಬಾಯಿಯನ್ನೇ ನೋಡಿತು. ಸೋದರತ್ತೆ ಹಿಂದಿನ ಸೀಟಿನಿಂದ ಅವರ ಭುಜವನ್ನು ಗಟ್ಟಿಯಾಗಿ ಹಿಡಿದರು.

"ಹೇಗೆ ಬರ್ತೀನಿ ಅನ್ನೋದು ಇರಲಿ ಡಾಕ್ಟ್ರೇ," ಎಂದರು ಮೇಷ್ಟ್ರು. "ಆಪರೇಷನ್ ಮಾಡಿ ನೀವು ನನ್ನನ್ನ ವಾಪಸ್ ಹೇಗೆ ಕಳಿಸ್ತೀರಿ, ಅದನ್ನ ಹೇಳಿ."